ಬಡ್ಜಿ ಮರಿ ಮಾಡಿಸಲು ಹೊರಟ ಹೊಸಬರಿಗೆ

ಸದಸ್ಯರೇ, ಪಂಜರದಲ್ಲಿ ಸಾಕುವ ಪುಟ್ಟ ಗಿಳಿ ಬಡ್ಜಿಯ ಬಗ್ಗೆ “ಜೋಡಿ ತಂದು ತಿಂಗಳಾಯಿತು, ಮೊಟ್ಟೆ ಏಕಿಲ್ಲ?” ಎಂಬ ಪ್ರಶ್ನೆ ಈ ವಾರ ಮೂರು ಬಾರಿ ಬಂದಿದೆ. ಅದು ಜೋಡಿಯೇ ಹೌದೇ, ಮೊದಲು ನೋಡಿ. ಮೂಗಿನ ಹೊಳ್ಳೆಗಳ ಸುತ್ತಲಿನ ತೊಗಲು ಬಲಿತ ಗಂಡಿಗೆ ಸಾಮಾನ್ಯವಾಗಿ ನೀಲಿ. ಹೆಣ್ಣಿಗೆ ಮೊಟ್ಟೆಯಿಡುವ ಕಾಲ ಬಂದಾಗ ಕಂದಾಗಿ ಒರಟಾಗುತ್ತದೆ. ಎರಡು ಗಂಡುಗಳೂ ಕೊಕ್ಕಿಗೆ ಕೊಕ್ಕು ತಾಗಿಸಿ ಕೂರುತ್ತವೆ, ಮೋಸಹೋಗಬೇಡಿ.

ವರ್ಷ ತುಂಬದ ಹಕ್ಕಿಗೆ ಗೂಡಿನ ಪೆಟ್ಟಿಗೆ ಕಟ್ಟಲೇಬೇಡಿ. ಎಳೆಯ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಕ್ಯಾಲ್ಸಿಯಂಗಾಗಿ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಪಂಜರದಲ್ಲಿ ಸದಾ ಇರಲಿ.

ಪೆಟ್ಟಿಗೆಯ ತಳ ಬಟ್ಟಲಿನಂತೆ ತಗ್ಗಾಗಿರಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ: ನುಣುಪಾದ ಚಪ್ಪಟೆ ಹಲಗೆಯ ಮೇಲೆ ಬೆಳೆದ ಮರಿಯ ಕಾಲುಗಳು ಕಪ್ಪೆಯಂತೆ ಎರಡು ಬದಿಗೆ ಜಾರಿ ಹಾಗೆಯೇ ಬಲಿತವು. ಹುಲ್ಲು, ಹತ್ತಿ ತುಂಬುವ ಶ್ರಮ ಬೇಡ. ತಾಯಿ ಬಹುಪಾಲು ಹೊರಗೆಸೆಯುತ್ತಾಳೆ.

ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ 4ರಿಂದ 6 ಮೊಟ್ಟೆ, ಒಂದೊಂದಕ್ಕೂ ಸುಮಾರು 18 ದಿನ ಕಾವು. ಹಾಗಾಗಿ ಮರಿಗಳೂ ಸರದಿಯಲ್ಲೇ ಹೊರಬರುತ್ತವೆ. ಹಿರಿಯದಕ್ಕೆ ಪುಕ್ಕ ಮೂಡುವಾಗ ಕಿರಿಯದು ಇನ್ನೂ ಬೋಳು. ಆ ಕಿರಿಯದರ ಕತ್ತಿನ ಬುಡದ ಚೀಲ ಉಬ್ಬಿದೆಯೇ ಎಂದು ದಿನಕ್ಕೊಮ್ಮೆ ಇಣುಕಿ ನೋಡಿ. ಚಪ್ಪಟೆಯಾಗಿದ್ದರೆ ಅಕ್ಕ ಅಣ್ಣಂದಿರು ತುತ್ತು ಕಸಿಯುತ್ತಿದ್ದಾರೆ ಎಂದರ್ಥ.

ವರ್ಷಕ್ಕೆ ಎರಡು ಬಾರಿ ಮರಿ ಮಾಡಿಸಿದರೆ ಸಾಕು, ಆಮೇಲೆ ಪೆಟ್ಟಿಗೆ ತೆಗೆದುಬಿಡಿ. ಗಂಡೋ ಹೆಣ್ಣೋ ಎಂಬ ಅನುಮಾನವಿದ್ದವರು ಹಗಲು ಬೆಳಕಿನಲ್ಲಿ ಮೂಗಿನ ಚಿತ್ರ ತೆಗೆದು ಇಲ್ಲಿ ಹಾಕಿ. ಕಾವು ಕೂತ ಹಕ್ಕಿಗೆ ಫ್ಲ್ಯಾಶ್ ಹೊಡೆದ ಚಿತ್ರಗಳು ದಯವಿಟ್ಟು ಬೇಡ.