ಮಂಜುಗೆ, ಕಿಸುಮುವಿನಿಂದ

ಮಂಜು,

"ಸತ್ತು ಹುಟ್ಟಿದ ಮಕ್ಕಳ ಲೆಕ್ಕ ಬರೆಯೋಕೆ ಕೀನ್ಯಾವರೆಗೂ ಹೋಗ್ಬೇಕಿತ್ತೇನೋ?" ಅಂದಿದ್ದೆ. ಹೆರಿಗೆ ವಾರ್ಡಿನಲ್ಲೇ ದಿನ ತೆಗೆಯುವವನು ನೀನು, ಕೇಳಬೇಕಾದ್ದೇ. 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದ ಮಕ್ಕಳು 2021ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ. ಹತ್ತಿರಹತ್ತಿರ ಅರ್ಧ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲೇ. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಕ್ಕಳು ಹೋಗುವುದು ನೋವು ಶುರುವಾದ ಮೇಲೆ.

ಈ ಕೊನೇ ಲೆಕ್ಕ ಹುಟ್ಟುವ ಜಾಗ ನಿನಗೆ ಗೊತ್ತು. ಮಗುವಿನ ಚರ್ಮ ಸುಲಿದಿದ್ದರೆ ಹೊಟ್ಟೆಯಲ್ಲಿ ಮೊದಲೇ ಸತ್ತಿತ್ತು, ಸುಲಿಯದಿದ್ದರೆ ಹೆರಿಗೆಯ ವೇಳೆ ಹೋಯಿತು ಅಂತ ರಿಜಿಸ್ಟರಿನಲ್ಲಿ ಗುರುತು ಹಾಕ್ತಾರಲ್ಲ, ಅದು. ನನ್ನ ಜೊತೆ ಕೆಲಸ ಮಾಡುವವಳು ಸಂಶೋಧನೆಗೆ ಬರುವ ಮೊದಲು ಮಿಡ್‌ವೈಫ್ ಆಗಿದ್ದಳು. ಅವಳು ಹೇಳ್ತಾಳೆ: "ರಾತ್ರಿ ಪಾಳಿಯಲ್ಲಿ ಒಬ್ಬಳೇ. ನಾಲ್ಕು ಹೆರಿಗೆ ಒಟ್ಟಿಗೆ. ಎರಡನೇ ಗುರುತು ಹಾಕಿದರೆ ಬೆಳಿಗ್ಗೆ ವಿಚಾರಣೆ ನನಗೇ. ಯಾವುದು ಹಾಕ್ತಾರೆ, ನೀನೇ ಹೇಳು." ಈಗ ಅಂಥದೇ ರಿಜಿಸ್ಟರುಗಳನ್ನು ತಿರುವಿಹಾಕುವುದು ಅವಳ ಕೆಲಸ. ನಿನ್ನೆಯವರೆಗೆ ಒಂದೇ ಫ್ಲಾಸ್ಕಿನ ಚಹಾ ಕುಡಿದವರು ಇವಳು ಬಂದರೆ ಮಾತು ನಿಲ್ಲಿಸ್ತಾರೆ. ನಾನು ಮಾತ್ರ ಕಂಪ್ಯೂಟರ್ ಮುಂದೆ ಕೂತು ಆ ಗುರುತುಗಳಿಂದ ಶೇಕಡಾವಾರು ತೆಗೀತೀನಿ!

ಹೀಗೆ ಮಗು ಕಳಕೊಂಡ ತಾಯಂದಿರನ್ನು ಮಾತಾಡಿಸೋಕೆ ಮನೆಗಳಿಗೆ ಹೋಗುವುದೂ ಅವಳೇ. ನನಗೆ ಲುವೋ ಭಾಷೆ ಬಾರದು, ಗಂಡಸು ಬೇರೆ. ಕಳೆದ ತಿಂಗಳು ಸಿಯಾಯ ಕಡೆ ಬೋಡಾ‌ಬೋಡಾ ಬೈಕಿನಲ್ಲಿ ಹೋಗಿದ್ದೆವು. ನಾನು ಮುಸುಕಿನ ಜೋಳದ ಹೊಲದ ಬದಿಯಲ್ಲೇ ನಿಂತೆ. ಅವಳಿಗೆ ಏಳು ತಿಂಗಳು. ಹೊಟ್ಟೆ ಕಾಣಬಾರದೆಂದು ಲೆಸೋ ಬಟ್ಟೆ ಅಗಲವಾಗಿ ಹೊದ್ದಿದ್ದಳು. ಏನು ಪ್ರಯೋಜನ? ಆ ತಾಯಿ ಮೊದಲು ನೋಡಿದ್ದೇ ಹೊಟ್ಟೆಯನ್ನ. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದುಹಾಕಿದಳು, ತಾನು ನೆಲದ ಮೇಲೆ ಕೂತಳು. ಮುಂದಿನದ್ದು ನಾನು ಆಮೇಲೆ ಓದಿದ್ದು. "ಮಗು ಒದೆಯುವುದು ಕಡಿಮೆಯಾಗಿದ್ದು ಯಾವಾಗ ಗೊತ್ತಾಯಿತು?" ಅಂತ ಇವಳ ಪ್ರಶ್ನೆ. ಆಕೆ ತಿರುಗಿ ಕೇಳಿದಳು, "ನಿಂದು ಒದೀತಿದೆಯಾ?"

ಆಮೇಲೆ ಮಾತು ನಮ್ಮ ಪ್ರಶ್ನಾವಳಿ ಬಿಟ್ಟು ಎಲ್ಲೆಲ್ಲಿಗೋ ಹೋಯಿತು. ಆಕೆ ಮಗುವಿನ ಮುಖ ನೋಡಿಲ್ಲ. ಮನೆಯ ಹಿರಿಯ ಹೆಂಗಸರೇ ಮಣ್ಣು ಮಾಡಿದರು. ಅತ್ತರೆ ಮುಂದಿನ ಬಸಿರಿಗೆ ಕೇಡು ಅಂದರಂತೆ. ಗಂಡನ ಕಡೆಯವರು ಅವಳನ್ನೇ ದೂರಿದರು. ಆಸ್ಪತ್ರೆಯಲ್ಲಿ ಕಾರಣ ಏನೆಂದು ಯಾರೂ ಹೇಳಲಿಲ್ಲ. ಮಲೇರಿಯಾ ಇತ್ತೋ, ರಕ್ತದೊತ್ತಡ ಏರಿತ್ತೋ, ಸಿಫಿಲಿಸ್ ಪರೀಕ್ಷೆ ಮಾಡಿದ್ದರೋ, ಕೇಳುವುದೂ ಆಕೆಗೆ ತೋಚಿರಲಿಲ್ಲ.

ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಸಮಿತಿಗೆ ಕೊಡುವ ಅರ್ಜಿಯಲ್ಲಿ ತಾಯಿಗೆ ದುಃಖ ಉಮ್ಮಳಿಸಿದರೆ ಏನು ಮಾಡ್ತೀರಿ ಅಂತ ಬರೆದುಕೊಟ್ಟಿದ್ದೆವು. ಕೇಳುವವಳಿಗಾದರೆ? ಅದಕ್ಕೆ ನಮ್ಮ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಸೂಪರ್‌ವೈಸರ್ ಕೇಳುವುದು ಎಷ್ಟು ಸಂದರ್ಶನ ಮುಗಿಯಿತು ಅಂತ. ನನಗಿದು ದೊಡ್ಡ ಅನ್ಯಾಯ ಅನ್ನಿಸುತ್ತೆ. ಹೊಸಬರು ಕೆಲಸ ಕೈಬಿಟ್ಟುಹೋಗುತ್ತೆ ಅಂತ ಬಾಯಿ ಬಿಡುವುದಿಲ್ಲ. ಲುಗಿನಾ ಅಂತ ಮಿಡ್‌ವೈಫ್‌ಗಳದೇ ಸಂಶೋಧನಾ ಜಾಲವೊಂದಿದೆ. ಕೀನ್ಯಾ, ಮಲಾವಿ, ಉಗಾಂಡಾ, ತಾಂಜಾನಿಯಾ, ಜಾಂಬಿಯಾ, ಜಿಂಬಾಬ್ವೆಯವರು ಸೇರಿದ್ದಾರೆ. ಅಂಥ ಕಡೆ ಇವಳು ಒಂದಿಷ್ಟು ಮನಬಿಚ್ಚಿ ಮಾತಾಡಬಹುದೇನೋ ಅಂತ ನನ್ನಾಸೆ.

2030ರ ಹೊತ್ತಿಗೆ ಪ್ರತಿ ದೇಶದಲ್ಲೂ ಸಾವಿರ ಹೆರಿಗೆಗೆ ಇಂಥ ಸಾವು 12 ದಾಟಬಾರದು ಅಂತ ಗುರಿ ಇಟ್ಟಿದ್ದಾರೆ. ಇಡಲಿ. ನೀನು ಮಾತ್ರ ಒಂದು ಬರೆದು ತಿಳಿಸು: ನಿಮ್ಮ ವಾರ್ಡಿನಲ್ಲಿ ಚರ್ಮ ನೋಡಿ ಗುರುತು ಹಾಕುವ ಆ ಕಾಲಂ ತುಂಬುವುದು ಡಾಕ್ಟರೋ, ರಾತ್ರಿ ಪಾಳಿಯ ಸಿಸ್ಟರೋ?

ನಿನ್ನ,
ಶಶಿ