ಕಾಪಿ ಎಡಿಟ್‌ಗೆ ಮುನ್ನ ಒಂದು ಹಾಳೆ

ಗೆಳೆಯರೇ, ಕಾಪಿ ಎಡಿಟ್ (ಅಚ್ಚಿಗೆ ಮುನ್ನ ಸಂಪಾದಕರು ಭಾಷೆ, ತಪ್ಪುಗಳನ್ನು ತಿದ್ದುವ ಕೆಲಸ) ಆಗಿ ಬಂದ ನನ್ನ ಕಾದಂಬರಿಯನ್ನು ನಿನ್ನೆ ನೋಡಿ ಮುಗಿಸಿದೆ. ಹಸ್ತಪ್ರತಿ ಕೊಡುವವರು ದಯವಿಟ್ಟು ಜೊತೆಗೊಂದು ಹಾಳೆ ಇಡಿ: ಪಾತ್ರಗಳ ಹೆಸರು, ವಯಸ್ಸು, ಯಾರ ಬಾಯಲ್ಲಿ ಯಾವ ಸೀಮೆಯ ಮಾತು. ನಾನು ಇಟ್ಟಿರಲಿಲ್ಲ. ಅಜ್ಜಿಯ ‘ಬರಾಕತ್ತೀನಿ’ ಎಲ್ಲ ಕಡೆ ‘ಬರುತ್ತಿದ್ದೇನೆ’ ಆಗಿತ್ತು. ಒಂದೊಂದನ್ನೇ ವಾಪಸ್ ತರುವಾಗ ಅವಳ ದನಿಯೇ ಕಳೆದುಹೋದಂತೆ ಸಂಕಟವಾಯಿತು.

ಆದರೆ ಕಾದಂಬರಿಯಲ್ಲಿ ನಾನು ವಿಜಯಪುರದ ಎರೆಹೊಲದಲ್ಲಿ ಮುಂಗಾರಿಗೇ ಬಿಳಿಜೋಳ ಬಿತ್ತಿಸಿದ್ದೆ, ಅದು ಹಿಂಗಾರಿ ಬೆಳೆ ಎಂದು ಅಂಚಿನಲ್ಲಿ ಬರೆದವರೂ ಅದೇ ಸಂಪಾದಕರು. ನಾಲ್ಕು ಸಲ ಓದಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರ ಋಣ ದೊಡ್ಡದು.

ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಿಸಿದ್ದರೆ ಅರ್ಕಾವತ್ತುಗಳನ್ನು ನೀವೇ ಒಮ್ಮೆ ನೋಡಿಬಿಡಿ, ಜಾಗ ತಪ್ಪಿರಬಹುದು. ಹಾಳೆಯ ಮಾದರಿ ಬೇಕಾದವರು ಇಲ್ಲೇ ಕೇಳಿ, ಕಳಿಸುತ್ತೇನೆ.