ಮರ ಕಡಿಯಲು ಗಂಡಸರ ಸಹಿ ಸಾಕಾ?

ಸಂಪಾದಕರೇ,

ಚರಂಡಿ ಕೆಲಸಕ್ಕೆಂದು ನಮ್ಮ ಓಣಿಯ ಬೇವಿನ ಮರಗಳನ್ನು ಕಡಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ಮಹಿಳೆಯರ ಗಲಾಟೆ’ ಅಂತ ತಲೆಬರಹ. ಗಲಾಟೆ ಮಾಡಿದವರಲ್ಲಿ ನಾನೂ ಒಬ್ಬಳು. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಮರ ಕಡಿಯಲು ಅನುಮತಿ ಬೇಕು. ಆ ಪತ್ರ ತೋರಿಸಿ ಅಂತ ಕೇಳಿದ್ದೇ ನಮ್ಮ ಗಲಾಟೆ. ‘ಮನ್ಯಾಗ ಗಂಡಸರಿದ್ರೆ ಕಳಸ್ರಿ, ಅವರ ಜೋಡಿ ಮಾತಾಡ್ತೀವಿ’ ಅಂದರು ಮರ ಕಡಿಸಲು ಬಂದ ಸಾಹೇಬರು. ಇದನ್ನು ನಿಮ್ಮ ವರದಿಗಾರರು ಯಾಕೆ ಬರೆಯಲಿಲ್ಲ?

ಚರಂಡಿಗೆ ಮರ ಕಡಿಯಲು ಓಣಿಯವರೆಲ್ಲ ಒಪ್ಪಿದ್ದಾರಂತೆ. ಸಹಿ ಹಾಕಿದ ಹಾಳೆ ನೋಡಿದೆವು. ಒಂದಾದರೂ ಹೆಣ್ಣಿನ ಹೆಸರಿಲ್ಲ. ಸಹಿ ಮಾಡಿದವರು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಆ ನೆರಳಲ್ಲಿ ಇಡೀ ದಿನ ಇರುವವರು ನಾವು. ನಳಕ್ಕೆ ನೀರು ಯಾವಾಗ ಬರುತ್ತೋ ಗೊತ್ತಿಲ್ಲ. ಕೊಡ ಸಾಲಿಗಿಟ್ಟು ಮರದ ಕೆಳಗೆ ಕೂರುತ್ತಿದ್ದೆವು. ಈಗ ಸ್ಟೀಲ್ ಕೊಡ ಸೆರಗು ಸುತ್ತದೆ ಮುಟ್ಟಲಾಗದಷ್ಟು ಕಾಯುತ್ತೆ. ಕಾಯಿಪಲ್ಲೆ ಅಜ್ಜಿ ಬರುವುದನ್ನೇ ಬಿಟ್ಟಳು. ಬಿಸಿಲಲ್ಲಿ ಬುಟ್ಟಿ ಇಟ್ಟರೆ ಪುಂಡಿಪಲ್ಲೆ ಅರ್ಧ ಗಂಟೆಗೆ ಬಾಡುತ್ತೆ. ನಮ್ಮ ಅತ್ತೆಗೆ ದಮ್ಮಿನ ಕಾಯಿಲೆ. ಕರೆಂಟ್ ಹೋದಾಗ ಅಲ್ಲೇ ಕೂರಿಸುತ್ತಿದ್ದೆ. ಇನ್ನು ಎಲ್ಲಿ ಕೂರಿಸಲಿ? ಕಲಬುರಗಿಯ ಬೇಸಿಗೆ ಹೇಗಿರುತ್ತೆ ಅಂತ ಇವರಿಗೆ ನಾನು ಹೇಳಬೇಕಾ?

ಆ ಸಾಹೇಬರಲ್ಲೊಬ್ಬರು ನಕ್ಕು ‘ಹೆಣ್ಮಕ್ಕಳಿಗೆ ಗಿಡದ ಮ್ಯಾಲೆ ಮಮತೆ ಜಾಸ್ತಿ’ ಅಂದರು. ನನಗೆ ಮೈ ಉರಿದದ್ದು ಈ ಮಾತಿಗೆ. ನೀರು, ಉರುವಲು, ಮಕ್ಕಳು, ಮುದುಕರು ಎಲ್ಲ ನಮ್ಮ ತಲೆ ಮೇಲೆ ಹಾಕಿ, ಈಗ ಮಮತೆ ಅನ್ನುತ್ತಾರೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಹೆಣ್ಣಿಗೂ ಪರಿಸರಕ್ಕೂ ಇರುವ ನಂಟು ಹುಟ್ಟುಗುಣದ್ದಲ್ಲ, ಯಾರು ಯಾವ ಕೆಲಸ ಮಾಡುತ್ತಾರೆ, ಆಸ್ತಿ ಯಾರ ಕೈಯಲ್ಲಿದೆ ಅನ್ನುವುದರದು ಅಂತ. ನಮ್ಮ ಓಣಿಯಲ್ಲಿ ಮನೆ ಪತ್ರ ಗಂಡಸರ ಹೆಸರಲ್ಲಿದೆ, ಹಾಗಾಗಿ ಮರ ಕಡಿಯುವ ಸಹಿಯೂ ಅವರದೇ.

1974ರಲ್ಲಿ ಉತ್ತರಾಖಂಡದ ರೇಣಿ ಗ್ರಾಮದ ಗಂಡಸರು ಜಮೀನಿನ ಪರಿಹಾರದ ಹಣಕ್ಕೆಂದು ಚಮೋಲಿಗೆ ಹೋದ ದಿನವೇ ಮರ ಕಡಿಯುವವರು ಬಂದರು. ಗೌರಾದೇವಿ ಮುಂದೆ ನಿಂತು, 27 ಹೆಂಗಸರು ಸೇರಿ ಅವರನ್ನು ವಾಪಸ್ ಕಳಿಸಿದರು. ಮರ ಅಪ್ಪಿಕೊಳ್ಳುವ ‘ಚಿಪ್ಕೊ’ ಚಳವಳಿ ಅಂತ ಈಗ ಮಕ್ಕಳ ಪಾಠದಲ್ಲಿದೆ. ಅವತ್ತು ಗಂಡಸರು ಬರಲಿ ಅಂತ ಕಾದಿದ್ದರೆ ಆ ಕಾಡು ಉಳಿಯುತ್ತಿತ್ತಾ?

ಅನುಮತಿ ಪತ್ರ ನೋಡಬೇಕಾದರೆ ಕಚೇರಿಗೆ ಬನ್ನಿ ಅನ್ನುತ್ತಾರೆ ಈ ಸಾಹೇಬರು. ಬೇಸಿಗೆಯಲ್ಲಿ ಕಚೇರಿ 1.30ಕ್ಕೇ ಮುಗಿಯುತ್ತೆ. ಬಿಸಿಲಿಗೆ ಅವರ ಸಮಯ ಬದಲಾಗುತ್ತೆ, ನಮ್ಮ ನಳದ ಸಮಯ ಬದಲಾಗಲ್ಲ. ಅಡುಗೆ ಮುಗಿಸಿ ಓಡಿದರೆ ‘ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ’. ಹೋದ ಸಲ ಇದೇ ಚರಂಡಿಗೆ ಅಗೆದ ಗುಂಡಿ ಮಳೆಗಾಲ ಪೂರ್ತಿ ಹಾಗೇ ಬಾಯಿ ತೆರೆದಿತ್ತು. ಪಕ್ಕದ ಮನೆ ಹುಡುಗ ಬಿದ್ದು ಕೈ ಮುರಿದುಕೊಂಡ. ಯಾರು ಬಂದು ಕೇಳಿದರು? ಬೀದಿ ದೀಪದ ಅರ್ಜಿ ಇನ್ನೂ ಅಲ್ಲೇ ಕೊಳೆಯುತ್ತಿದೆ. ಜೂನ್ 5ರ ಪರಿಸರ ದಿನಕ್ಕೆ ಸಾಲುಮರದ ತಿಮ್ಮಕ್ಕನ ಫೋಟೊ ಇರುವ ಬ್ಯಾನರ್ ಕಟ್ಟಿ ಸಸಿ ನೆಟ್ಟರು. ಆ ತಾಯಿ ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದವರು. ಇವರು ಒಂದು ತಂಬಿಗೆ ನೀರು ಹಾಕಲಿಲ್ಲ. ಸಸಿ ಒಣಗಿ, ಸುತ್ತಲಿನ ಕಬ್ಬಿಣದ ಜಾಲರಿ ಮಾತ್ರ ನಿಂತಿದೆ.

ಕಡಿಸಿದವರ ಮೇಲೆ ಕ್ರಮ ಆಗಬೇಕು. ಉಳಿದ ಮರಗಳನ್ನು ಮುಟ್ಟಬಾರದು. ನಳಕ್ಕೆ ನೀರೂ ಸರಿಯಾಗಿ ಬಿಡಬೇಕು. ಓಣಿಯವರ ಒಪ್ಪಿಗೆ ಅಂದರೆ ನಮ್ಮ ಒಪ್ಪಿಗೆಯೂ ಹೌದು ಅಂತ ಈ ಸಾಹೇಬರಿಗೆ ಯಾರಾದರೂ ತಿಳಿಸಿ ಹೇಳಿ. ನಾವು ಕೇಳಿದರೆ ನಗುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ?

– ಓಣಿಯ ನಿವಾಸಿ, ಕಲಬುರಗಿ